ಮೊದಲು ರಿಲೇ, ಆಮೇಲೆ ಆರ್‌ಎಫ್: ಎಸ್‌ಡಿಆರ್‌ನಲ್ಲಿ ಟಿಎಕ್ಸ್–ಆರ್‌ಎಕ್ಸ್ ಬದಲಾವಣೆಗೆ ಸಮಯ ಹೊಂದಿಸುವ ಬಗೆ

ರೆಡಿಮೇಡ್ ಹ್ಯಾಂಡ್‌ಹೆಲ್ಡ್ ರೇಡಿಯೋದಲ್ಲಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದಾಗ ಒಳಗೆ ಏನೇನು ನಡೆಯುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ರಿಸೀವರ್ ಕಿವಿ ಮುಚ್ಚುತ್ತದೆ. ಆಂಟೆನಾ ಕೇಳುವ (ಆರ್‌ಎಕ್ಸ್) ಕಡೆಯಿಂದ ಕಳಿಸುವ (ಟಿಎಕ್ಸ್) ಕಡೆಗೆ ಹೊರಳುತ್ತದೆ. ಪವರ್ ಆಂಪ್ಲಿಫೈಯರ್ ಎಚ್ಚರವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ರೇಡಿಯೋ ಸಿಗ್ನಲ್ (ಆರ್‌ಎಫ್) ಹೊರಡುತ್ತದೆ. ಈ ಸಾಲು ತಪ್ಪದ ಹಾಗೆ ಮಾಡಿದವರೇ ನೋಡಿಕೊಂಡಿರುತ್ತಾರೆ. ಒಂದು ಎಸ್‌ಡಿಆರ್ (ಹೆಚ್ಚಿನ ಕೆಲಸ ಸಾಫ್ಟ್‌ವೇರ್‌ನಲ್ಲೇ ನಡೆಯುವ ರೇಡಿಯೋ) ತಂದು ಅದರ ಮುಂದೆ ನಾವೇ ಪಿಎ (ಪವರ್ ಆಂಪ್ಲಿಫೈಯರ್), ಎಲ್‌ಎನ್‌ಎ (ಕೇಳುವಾಗ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್), ರಿಲೇ (ವಿದ್ಯುತ್ತಿನಿಂದ ಹೊರಳುವ ಸ್ವಿಚ್) ಜೋಡಿಸಿದ ದಿನ ಆ ಜವಾಬ್ದಾರಿ ನಮ್ಮ ತಲೆಗೆ ಬರುತ್ತದೆ.

ನನ್ನ ಮೊದಲ ಎಲ್‌ಎನ್‌ಎ ಹೋದದ್ದು ಹೀಗೆ. ಪ್ರೋಗ್ರಾಂನಲ್ಲಿ ಸಾಲು ಸರಿಯಾಗಿಯೇ ಇತ್ತು: ಮೊದಲು ಸ್ಯಾಂಪಲ್ (ಸಿಗ್ನಲ್‌ನ ಅಂಕಿಗಳು) ಕಳಿಸುವುದನ್ನು ನಿಲ್ಲಿಸು, ಆಮೇಲೆ ರಿಲೇ ಬಿಡು. ಎಷ್ಟು ಸಲ ಓದಿದರೂ ತಪ್ಪು ಕಾಣುತ್ತಿರಲಿಲ್ಲ. ಆದರೆ ನಾನು ‘ನಿಲ್ಲಿಸು’ ಅಂದ ಹೊತ್ತಿಗೆ ಕಾಲು ಸೆಕೆಂಡಿಗೆ ಆಗುವಷ್ಟು ಸಿಗ್ನಲ್ ಇನ್ನೂ ಬಫರ್‌ಗಳಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಸಾಲುಗಟ್ಟಿ ನಿಂತಿತ್ತು. ರಿಲೇ ಟಕ್ ಅಂತ ರಿಸೀವ್ ಕಡೆಗೆ ಬಿತ್ತು. 10 ವ್ಯಾಟ್ ಇನ್ನೂ ಬರುತ್ತಲೇ ಇತ್ತು. ತೆರೆದ ಕಾಂಟ್ಯಾಕ್ಟ್ ದಾಟಿ ಸೋರಿದ ಪವರ್ ನೇರವಾಗಿ ಎಲ್‌ಎನ್‌ಎ ಬಾಯಿಗೆ ಹೋಯಿತು. ಆವತ್ತು ಸಂಜೆ ಬ್ಯಾಂಡಿನಲ್ಲಿ ಯಾರೂ ಇಲ್ಲ ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ, ದಿನಾ ಗಟ್ಟಿಯಾಗಿ ಕೇಳುವ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಕೂಡ ಕೇಳಿಸದಿದ್ದಾಗ ಗೊತ್ತಾಯಿತು.

ಪ್ರೋಗ್ರಾಂನ ‘ಈಗ’ ಬೇರೆ, ಆಂಟೆನಾದ ‘ಈಗ’ ಬೇರೆ. ಕೆಳಗಿನ ಹಂತಗಳಲ್ಲಿ ನಾವು ಮಾಡುವುದೆಲ್ಲ ಇಷ್ಟೇ: ಈ ಎರಡರ ನಡುವಿನ ಅಂತರ ಅಳೆಯುವುದು, ಅದಕ್ಕೆ ಜಾಗ ಬಿಡುವುದು.

ಉದಾಹರಣೆಗೆ 2 ಮೀಟರ್ ಬ್ಯಾಂಡಿನ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನ ಒಂದು ಸ್ಟೇಷನ್ ಇಟ್ಟುಕೊಳ್ಳೋಣ. ಒಂದು ಎಸ್‌ಡಿಆರ್, 10 ವ್ಯಾಟ್‌ನ ಪಿಎ, ಅದರಾಚೆ ಲೋ-ಪಾಸ್ ಫಿಲ್ಟರ್, ಒಂದು ಎಲ್‌ಎನ್‌ಎ, ಒಂದು ಆಂಟೆನಾ ರಿಲೇ. ಲೋ-ಪಾಸ್ ಫಿಲ್ಟರ್ ಬಿಡಬೇಡಿ. ಎಸ್‌ಡಿಆರ್ ಹೊರಗೆ ಬಿಡುವ ಸಿಗ್ನಲ್‌ನಲ್ಲಿ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಬರುವ ಬೇಡದ ಸಿಗ್ನಲ್) ಜಾಸ್ತಿ. ಭಾರತದಲ್ಲಿ ಹ್ಯಾಮ್ ಬ್ಯಾಂಡಿನಲ್ಲಿ ಕಳಿಸಬೇಕಾದರೆ ಪರೀಕ್ಷೆ ಪಾಸಾಗಿ ಲೈಸೆನ್ಸ್, ಕಾಲ್‌ಸೈನ್ ಎರಡೂ ಪಡೆದಿರಬೇಕು. ಮುಂದೆ ಹೇಳುವ ಪರೀಕ್ಷೆಗಳೆಲ್ಲ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಮೇಲೆ. ಕೊನೆಯ ಹಂತ ಮುಗಿಯುವವರೆಗೂ ಆಂಟೆನಾ ಮುಟ್ಟುವುದೇ ಬೇಡ.

ಹಂತ 1: ಸಾಲನ್ನು ಕಾಗದದ ಮೇಲೆ ಬರೆಯಿರಿ

ಕೋಡ್ ಬರೆಯುವ ಮೊದಲು ಒಂದು ಕಾಗದ ತಗೊಳ್ಳಿ. ಕಳಿಸಲು ಹೊರಟಾಗ ನಡೆಯಬೇಕಾದದ್ದು ಈ ಕ್ರಮದಲ್ಲಿ: ಎಲ್‌ಎನ್‌ಎ ಪವರ್ ತೆಗೆಯಿರಿ. ಆಂಟೆನಾ ರಿಲೇಯನ್ನು ಟಿಎಕ್ಸ್ ಕಡೆಗೆ ಹಾಕಿ. ರಿಲೇ ನಿಲ್ಲುವವರೆಗೆ ಕಾಯಿರಿ. ಪಿಎ ಬಯಾಸ್ (ಅದನ್ನು ಎಚ್ಚರಿಸುವ ವೋಲ್ಟೇಜ್) ಕೊಡಿ. ಅದು ನೆಲೆಯಾದ ಮೇಲೆ ಆರ್‌ಎಫ್ ಬಿಡಿ.

ವಾಪಸ್ ಬರುವಾಗ ಇದೇ ದಾರಿ, ಹಿಂದುಮುಂದಾಗಿ. ಮೊದಲು ಆರ್‌ಎಫ್ ನಿಲ್ಲಬೇಕು. ಆಮೇಲೆ ಬಯಾಸ್, ಆಮೇಲೆ ರಿಲೇ, ರಿಲೇ ಪೂರ್ತಿ ನಿಂತ ಮೇಲೆ ಎಲ್‌ಎನ್‌ಎ. ಮನೆಯಿಂದ ಹೊರಡುವಾಗ ಒಳಬಾಗಿಲು ಹಾಕಿ ಹೊರಬಾಗಿಲು ಹಾಕಿದ್ದರೆ, ಬಂದಾಗ ಮೊದಲು ತೆಗೆಯುವುದು ಹೊರಬಾಗಿಲು ಅಲ್ವಾ, ಹಾಗೆಯೇ.

ಹೋಗುವ ದಾರಿಗೆ ಎಲ್ಲರೂ ಗಮನ ಕೊಡುತ್ತಾರೆ. ಬರುವ ದಾರಿಗೆ ಕೊಡುವುದಿಲ್ಲ. ನಾನು ನೋಡಿದ ಮಟ್ಟಿಗೆ ಎಲ್‌ಎನ್‌ಎಗಳು ಸಾಯುವುದು ಬರುವ ದಾರಿಯಲ್ಲೇ.

ಹಂತ 2: ಎಷ್ಟು ಸೋರುತ್ತದೆ ಲೆಕ್ಕ ಹಾಕಿ

10 ವ್ಯಾಟ್ ಅಂದರೆ 40 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಪವರ್ ಹೇಳುವ ಡೆಸಿಬೆಲ್ ಅಳತೆ). ನಿಮ್ಮ ರಿಲೇಯ ಐಸೊಲೇಶನ್ (ತೆರೆದ ಕಾಂಟ್ಯಾಕ್ಟ್ ಸಿಗ್ನಲ್ ತಡೆಯುವ ಮಟ್ಟ) 40 ಡಿಬಿ ಅಂತ ಇಟ್ಟುಕೊಳ್ಳಿ. ಆಗ ರಿಸೀವ್ ಕಡೆಗೆ ಸೋರುವುದು 0 ಡಿಬಿಎಂ, ಅಂದರೆ 1 ಮಿಲಿವ್ಯಾಟ್. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಹ್ಯಾಕ್‌ಆರ್‌ಎಫ್ ಒನ್ ಅನ್ನುವ ಎಸ್‌ಡಿಆರ್‌ನ ರಿಸೀವ್ ಪೋರ್ಟ್ ತಡೆಯುವ ಗರಿಷ್ಠ ಮಿತಿ −5 ಡಿಬಿಎಂ. ಅಂದರೆ ರಿಲೇ ಸರಿಯಾದ ಕಡೆಗೇ ಇದ್ದರೂ, ಸಮಯವೂ ಸರಿಯಿದ್ದರೂ, ಬರೀ ಸೋರಿಕೆಯಿಂದಲೇ ಮಿತಿ ದಾಟಿದೆ. ನಡುವೆ 20 ಡಿಬಿ ಗೇನ್‌ನ ಎಲ್‌ಎನ್‌ಎ ಚಾಲೂ ಇದ್ದರೆ ಎಸ್‌ಡಿಆರ್ ಬಾಯಿಗೆ 20 ಡಿಬಿಎಂ ಹತ್ತಿರ ಹೋಗಬಹುದು. ಎಲ್‌ಎನ್‌ಎ ಪವರ್ ಮೊದಲೇ ತೆಗೆಯಬೇಕು ಅನ್ನುವುದು ಇದಕ್ಕೇ.

ಆಡಿಯೋ, ಕಂಟ್ರೋಲ್ ಕೆಲಸಕ್ಕೆ ಬಳಸುವ ಸಣ್ಣ ಪಿಸಿಬಿ ರಿಲೇಗಳಲ್ಲಿ 144 ಮೆಗಾಹರ್ಟ್ಸ್‌ಗೆ 40 ಡಿಬಿ ಸಿಗುತ್ತದೆ ಅಂತ ನಂಬಬೇಡಿ. ಪರಿಹಾರ ಸುಲಭ. ಎಲ್‌ಎನ್‌ಎ ಇನ್‌ಪುಟ್‌ನಲ್ಲಿ ಇನ್ನೊಂದು ಸಣ್ಣ ರಿಲೇ ಹಾಕಿ, ಕಳಿಸುವಾಗ ಆ ಇನ್‌ಪುಟ್ ಆಂಟೆನಾ ದಾರಿ ಬಿಟ್ಟು 50 ಓಮ್ ರೆಸಿಸ್ಟರ್ ಕಡೆ ತಿರುಗುವಂತೆ ಮಾಡಿ. ಈ ಎರಡನೇ ರಿಲೇಯನ್ನು ಪವರ್ ಇಲ್ಲದಾಗಲೂ ರೆಸಿಸ್ಟರ್ ಕಡೆಗೇ ನಿಲ್ಲುವಂತೆ ಜೋಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರು, ಮೈಸೂರು ಕಡೆ ಸಂಜೆ ಗುಡುಗು ಮಳೆ ಬಂದಾಗ ಆಂಟೆನಾ ಮೇಲೆ ಕೂಡುವ ಸ್ಟ್ಯಾಟಿಕ್‌ನಿಂದಲೂ ಎಲ್‌ಎನ್‌ಎ ಸ್ವಲ್ಪ ದೂರ ಇರುತ್ತದೆ. ಸಿಡಿಲಿಗೆ ಇದು ರಕ್ಷಣೆ ಅಲ್ಲ. ಅದಕ್ಕೆ ಆಂಟೆನಾ ಕೇಬಲ್ ಬಿಚ್ಚಿ ಹೊರಗೆ ಇಡುವುದೇ ಸರಿ.

ಹಂತ 3: ರಿಲೇಯನ್ನು ಸ್ಕೋಪ್ (ಆಸಿಲೋಸ್ಕೋಪ್) ಮೇಲೆ ನೋಡಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಡೇಟಾಶೀಟ್‌ನಲ್ಲಿ ಸಣ್ಣ ಸಿಗ್ನಲ್ ರಿಲೇಗಳಿಗೆ 3ರಿಂದ 7 ಮಿಲಿಸೆಕೆಂಡ್, ದೊಡ್ಡ ಕೋಆಕ್ಸಿಯಲ್ ರಿಲೇಗಳಿಗೆ 10ರಿಂದ 20 ಮಿಲಿಸೆಕೆಂಡ್ ಅಂತ ಬರೆದಿರುತ್ತಾರೆ. ಆ ಅಂಕಿ ಹೊಸ ರಿಲೇಗೆ, ಪೂರ್ತಿ ವೋಲ್ಟೇಜ್‌ಗೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿ ಡಬ್ಬದಿಂದ ಆರಿಸಿ ತಂದ ರಿಲೇಗೆ ನೀವೇ ಅಳೆಯಬೇಕು.

ರಿಲೇಯ ಕಾಮನ್ ಕಾಂಟ್ಯಾಕ್ಟ್‌ಗೆ 1 ಕಿಲೋಓಮ್ ಮೂಲಕ 5 ವೋಲ್ಟ್ ಕೊಡಿ. ಟಿಎಕ್ಸ್ ಕಡೆಯ ಕಾಂಟ್ಯಾಕ್ಟ್ ಅನ್ನು ಗ್ರೌಂಡ್‌ಗೆ ಸೇರಿಸಿ. ಸ್ಕೋಪ್‌ನ ಮೊದಲ ಚಾನಲ್ ಕಾಯಿಲ್ ಮೇಲೆ, ಎರಡನೆಯದು ಕಾಮನ್ ಕಾಂಟ್ಯಾಕ್ಟ್ ಮೇಲೆ. ಸಿಂಗಲ್ ಟ್ರಿಗರ್‌ಗೆ ಇಟ್ಟು ಕಾಯಿಲ್‌ಗೆ ಪವರ್ ಕೊಡಿ.

ಪರದೆ ಮೇಲೆ ಕಾಣುವುದು ಹೀಗೆ. ಕಾಯಿಲ್‌ಗೆ ವೋಲ್ಟೇಜ್ ಬಂದ ಕೂಡಲೇ ಏನೂ ಆಗುವುದಿಲ್ಲ. ಎರಡನೇ ಗೆರೆ 5 ವೋಲ್ಟ್‌ನಲ್ಲಿ ಸುಮ್ನೆ ಮುಂದೆ ಹೋಗುತ್ತದೆ. ನಾಲ್ಕೈದು ಮಿಲಿಸೆಕೆಂಡ್ ಆದ ಮೇಲೆ ಇದ್ದಕ್ಕಿದ್ದಂತೆ ಕೆಳಗೆ ಬೀಳುತ್ತದೆ. ಮತ್ತೆ ಮೇಲೆ, ಮತ್ತೆ ಕೆಳಗೆ, ಮತ್ತೆ ಮೇಲೆ. ಬಾಚಣಿಗೆಯ ಹಲ್ಲಿನ ಹಾಗೆ ಕೆಲವು ಗೆರೆ. ಆಮೇಲೆ ಶಾಂತ. ಆ ಹಲ್ಲುಗಳೇ ಕಾಂಟ್ಯಾಕ್ಟ್ ಕುಣಿತ. ಪ್ರತಿ ಹಲ್ಲಿನ ಹೊತ್ತಲ್ಲೂ ಕಾಂಟ್ಯಾಕ್ಟ್ ತೆರೆದಿದೆ. ಆ ಹೊತ್ತಿಗೆ ಆರ್‌ಎಫ್ ಹೋಗುತ್ತಿದ್ದರೆ ಪಿಎಗೆ ಲೋಡ್ ಇಲ್ಲ, ಹೊರಟ ಪವರ್ ತಿರುಗಿ ಪಿಎಗೇ ಬರುತ್ತದೆ, ಕಾಂಟ್ಯಾಕ್ಟ್ ಮೇಲೆ ಕಿಡಿ ಹಾರಿ ಕಪ್ಪು ಕೂರುತ್ತದೆ. ನೀವು ಬರೆದುಕೊಳ್ಳಬೇಕಾದದ್ದು ಮೊದಲ ತಾಗುವಿಕೆಯ ಸಮಯವಲ್ಲ, ಕೊನೆಯ ಹಲ್ಲು ಮುಗಿದ ಸಮಯ.

ಇದನ್ನೇ 50 ಸಲ ಮಾಡಿ. ಎಲ್ಲಕ್ಕಿಂತ ಕೆಟ್ಟ ಅಂಕಿಯನ್ನು ಇಟ್ಟುಕೊಳ್ಳಿ, ಸರಾಸರಿಯನ್ನಲ್ಲ. ಸಪ್ಲೈ 12 ವೋಲ್ಟ್ ಬದಲು 11 ವೋಲ್ಟ್ ಮಾಡಿ ಮತ್ತೆ ನೋಡಿ. ಬ್ಯಾಟರಿ ಇಳಿದಾಗ ರಿಲೇ ನಿಧಾನ ಆಗುತ್ತದೆ. ಕಾಯಿಲ್ ಬಿಸಿಯಾದಾಗಲೂ ಅಷ್ಟೆ, ಅದರ ರೆಸಿಸ್ಟೆನ್ಸ್ ಏರಿ ಕರೆಂಟ್ ಕಡಿಮೆಯಾಗುತ್ತದೆ.

ಇನ್ನು ಬಿಡುವ ಸಮಯ. ಕಾಯಿಲ್‌ಗೆ ಅಡ್ಡಲಾಗಿ ನಾವೆಲ್ಲ ಒಂದು ಡಯೋಡ್ ಹಾಕುತ್ತೇವೆ, ಟ್ರಾನ್ಸಿಸ್ಟರ್ ಉಳಿಯಲಿ ಅಂತ. ಆ ಡಯೋಡ್ ಇದ್ದಾಗ ಪವರ್ ತೆಗೆದ ಮೇಲೂ ಕಾಯಿಲ್‌ನ ಕರೆಂಟ್ ಅದೇ ಸುತ್ತಿನಲ್ಲಿ ಸ್ವಲ್ಪ ಹೊತ್ತು ಹರಿಯುತ್ತಿರುತ್ತದೆ. ರಿಲೇ ತಡವಾಗಿ ಬಿಡುತ್ತದೆ. ಡೇಟಾಶೀಟ್‌ನ ಬಿಡುವ ಸಮಯ ಎಷ್ಟೋ ಸಲ ಡಯೋಡ್ ಇಲ್ಲದೆ ಅಳೆದದ್ದು. ಡಯೋಡ್ ಜೊತೆ ಸಾಲಿನಲ್ಲಿ 12 ಅಥವಾ 15 ವೋಲ್ಟ್‌ನ ಜೀನರ್ ಒಂದನ್ನು ತಿರುಗಿಸಿ ಹಾಕಿದರೆ ಕರೆಂಟ್ ಬೇಗ ಸಾಯುತ್ತದೆ, ರಿಲೇ ಚುರುಕಾಗಿ ಬಿಡುತ್ತದೆ. ಹಾಗೆ ಮಾಡಿದರೆ ಟ್ರಾನ್ಸಿಸ್ಟರ್ ಸಪ್ಲೈ ಮತ್ತು ಜೀನರ್ ವೋಲ್ಟೇಜ್ ಎರಡನ್ನೂ ಕೂಡಿಸಿದಷ್ಟನ್ನು ತಡೆಯುವಂತಿರಬೇಕು. ಹಾಕಿ ನೋಡಿ, ಹಾಕದೆ ನೋಡಿ. ಸ್ಕೋಪ್ ಮೇಲೆ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಹಂತ 4: ಬಫರ್‌ನಲ್ಲಿ ಎಷ್ಟು ಸಮಯ ಕೂತಿದೆ?

ಲೆಕ್ಕ ಸರಳ. ಬಫರ್‌ನಲ್ಲಿರುವ ಸ್ಯಾಂಪಲ್‌ಗಳ ಸಂಖ್ಯೆಯನ್ನು ಸ್ಯಾಂಪಲ್ ರೇಟ್‌ನಿಂದ ಭಾಗಿಸಿ. ಹ್ಯಾಕ್‌ಆರ್‌ಎಫ್‌ನ ಲೈಬ್ರರಿ ಒಂದೊಂದು ಯುಎಸ್‌ಬಿ ವರ್ಗಾವಣೆಗೆ 2,62,144 ಬೈಟ್ ಬಳಸುತ್ತದೆ. ಒಂದು ಸ್ಯಾಂಪಲ್‌ಗೆ 2 ಬೈಟ್. ಅಂದರೆ 1,31,072 ಸ್ಯಾಂಪಲ್. ಸೆಕೆಂಡಿಗೆ 20 ಲಕ್ಷ ಸ್ಯಾಂಪಲ್‌ನ ರೇಟ್‌ನಲ್ಲಿ ಇದು 65.5 ಮಿಲಿಸೆಕೆಂಡ್. ಇಂಥ 4 ವರ್ಗಾವಣೆ ಸಾಲಿನಲ್ಲಿರುತ್ತವೆ. ಒಟ್ಟು 262 ಮಿಲಿಸೆಕೆಂಡ್. ಅದೇ ರೇಟ್ ಅನ್ನು 1 ಕೋಟಿಗೆ ಏರಿಸಿದರೆ ಒಟ್ಟು 52 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಇದರ ಮೇಲೆ ಗ್ನೂ ರೇಡಿಯೋ ಅನ್ನುವ ಎಸ್‌ಡಿಆರ್ ಸಾಫ್ಟ್‌ವೇರ್‌ನ ಒಳಗೆ ಪ್ರತಿ ಬ್ಲಾಕ್ ನಡುವೆ ಇರುವ ಬಫರ್‌ಗಳು ಬೇರೆ. ಕಡಿಮೆ ರೇಟ್‌ನಲ್ಲಿ ಓಡುವ ಬ್ಲಾಕ್‌ಗಳ ಬಫರ್ ತುಂಬಾ ಹೊತ್ತು ಹಿಡಿದಿಡುತ್ತದೆ, ಏಕೆಂದರೆ ಅಷ್ಟೇ ಸ್ಯಾಂಪಲ್ ಅಲ್ಲಿ ಜಾಸ್ತಿ ಸಮಯಕ್ಕೆ ಸಮ.

ಲೆಕ್ಕ ಅಂದಾಜಿಗೆ. ನಿಜ ಗೊತ್ತಾಗುವುದು ಅಳೆದಾಗ. ಡಮ್ಮಿ ಲೋಡ್ ಹತ್ತಿರ ಒಂದು ಅಟೆನ್ಯುಯೇಟರ್, ಅದರ ಮುಂದೆ 1ಎನ್5711 ತರದ ಶಾಟ್ಕಿ ಡಯೋಡ್, 1 ನ್ಯಾನೋಫ್ಯಾರಡ್ ಕೆಪಾಸಿಟರ್, 10 ಕಿಲೋಓಮ್ ರೆಸಿಸ್ಟರ್. ಇದೇ ನಿಮ್ಮ ಆರ್‌ಎಫ್ ಡಿಟೆಕ್ಟರ್. ಇದನ್ನು ಚೆನ್ನಾಗಿ ಕಟ್ಟಿ, ಮುಂದೆಯೂ ಬೇಕಾಗುತ್ತದೆ. ಪ್ರೋಗ್ರಾಂನಲ್ಲಿ ಪಿಟಿಟಿ ಪಿನ್ ಏರಿಸಿ, ಅದೇ ಕ್ಷಣ 100 ಮಿಲಿಸೆಕೆಂಡಿನ ಟೋನ್ ಕಳಿಸಿ, ಕೊನೆಯ ಸ್ಯಾಂಪಲ್ ಕೊಟ್ಟ ಕೂಡಲೇ ಪಿನ್ ಇಳಿಸಿ. ಸ್ಕೋಪ್‌ನಲ್ಲಿ ಪಿನ್ ಒಂದು ಗೆರೆ, ಡಿಟೆಕ್ಟರ್ ಇನ್ನೊಂದು ಗೆರೆ.

ಮೊದಲ ಸಲ ನೋಡುವವರಿಗೆ ಇದು ಗಾಬರಿ ತರುವ ಚಿತ್ರ. ಎಷ್ಟೋ ಸಲ ಪಿನ್ ಏರಿ ಇಳಿದ ಮೇಲೆಯೇ ಆರ್‌ಎಫ್ ಶುರುವಾಗುತ್ತದೆ. ಪ್ರೋಗ್ರಾಂ ತನ್ನ ಕೆಲಸ ಮುಗಿಸಿದ್ದೇನೆ ಅಂತ ಹೇಳಿದಾಗ ಆಂಟೆನಾದಲ್ಲಿ ಇನ್ನೂ ಏನೂ ಆಗಿಲ್ಲ.

ಈಗ ಇದನ್ನೇ 100 ಸಲ ಮಾಡಿ. ನಡುನಡುವೆ ಬ್ರೌಸರ್ ತೆಗೆದು ವಿಡಿಯೋ ಓಡಿಸಿ, ದೊಡ್ಡ ಫೈಲ್ ಕಾಪಿ ಮಾಡಿ. ತಡ ಎಷ್ಟು ಅನ್ನುವುದಕ್ಕಿಂತ, ತಡ ಎಷ್ಟು ಹೊಯ್ದಾಡುತ್ತದೆ ಅನ್ನುವುದು ಮುಖ್ಯ. ಸ್ಥಿರವಾದ 200 ಮಿಲಿಸೆಕೆಂಡ್ ತಡವನ್ನು ಸಂಭಾಳಿಸಬಹುದು. ಒಮ್ಮೆ 40, ಒಮ್ಮೆ 180 ಅನ್ನುವುದನ್ನು ಪ್ರೋಗ್ರಾಂನ ‘ಸ್ಲೀಪ್’ ಸರಿ ಮಾಡಲಾರದು. ಸ್ಲೀಪ್ ಅನ್ನೋದು ಆಪರೇಟಿಂಗ್ ಸಿಸ್ಟಂಗೆ ನಾವು ಮಾಡುವ ಕೋರಿಕೆ ಮಾತ್ರ. ವಿಂಡೋಸ್‌ನ ಮಾಮೂಲಿ ಟೈಮರ್ ಟಿಕ್ ಒಂದೇ 15.6 ಮಿಲಿಸೆಕೆಂಡ್. ರಿಲೇಯ ಸಾಲನ್ನು ಸ್ಲೀಪ್ ಮೇಲೆ ಕಟ್ಟಬೇಡಿ.

ಹಂತ 5: ಟೈಮ್‌ಸ್ಟ್ಯಾಂಪ್ ಇರುವ ರೇಡಿಯೋದಲ್ಲಿ

ಯುಎಸ್‌ಆರ್‌ಪಿ ಬಿ210 ತರದ ರೇಡಿಯೋ ಇದ್ದರೆ ಕೆಲಸ ಅರ್ಧ ಹಗುರ. ಅದರ ಎಫ್‌ಪಿಜಿಎ (ರೇಡಿಯೋದೊಳಗೇ ಇರುವ, ಬೇಕಾದಂತೆ ಹೊಂದಿಸಬಹುದಾದ ಚಿಪ್) ಒಳಗೆ ಒಂದು ಗಡಿಯಾರ ಇದೆ. ‘ಈಗ ಕಳಿಸು’ ಅನ್ನುವ ಬದಲು ‘ನಿನ್ನ ಗಡಿಯಾರದಲ್ಲಿ 12.350 ಸೆಕೆಂಡ್ ಆದಾಗ ಕಳಿಸು’ ಅನ್ನಬಹುದು. ಕಂಪ್ಯೂಟರ್ ಎಷ್ಟೇ ಹೊಯ್ದಾಡಲಿ, ಸ್ಯಾಂಪಲ್‌ಗಳು ಮುಂಚೆ ತಲುಪಿದ್ದರೆ ಸಾಕು, ಸಿಗ್ನಲ್ ಹೇಳಿದ ಕ್ಷಣಕ್ಕೇ ಹೊರಡುತ್ತದೆ.

ಮೊದಲು ರೇಡಿಯೋದ ಈಗಿನ ಸಮಯ ಓದಿ. ಅದಕ್ಕೆ 100 ಮಿಲಿಸೆಕೆಂಡ್ ಕೂಡಿಸಿ. ಆ ಸಮಯವನ್ನು ಬರ್ಸ್ಟ್‌ನ (ಒಂದು ಸಲ ಕಳಿಸುವ ಕಂತಿನ) ಮೊದಲ ಸ್ಯಾಂಪಲ್ ಜೊತೆ ಕೊಡಿ. ಗ್ನೂ ರೇಡಿಯೋದಲ್ಲಿ ಇದು ‘ಟಿಎಕ್ಸ್ ಟೈಮ್’ ಟ್ಯಾಗ್. ಕೊನೆಯ ಸ್ಯಾಂಪಲ್‌ಗೆ ‘ಎಂಡ್ ಆಫ್ ಬರ್ಸ್ಟ್’ ಗುರುತು ಹಾಕುವುದನ್ನು ಮರೆಯಬೇಡಿ. ಮರೆತರೆ ರೇಡಿಯೋ ಇನ್ನೂ ಸ್ಯಾಂಪಲ್ ಬರುತ್ತದೆ ಅಂತ ಕಾದು, ಬಾರದಿದ್ದಾಗ ಟರ್ಮಿನಲ್‌ನಲ್ಲಿ ‘ಯು’ ಅಕ್ಷರ ಬರೆಯುತ್ತದೆ. ಅದು ಅಂಡರ್‌ಫ್ಲೋ. ‘ಎಲ್’ ಬಂದರೆ ನೀವು ಕೊಟ್ಟ ಸಮಯ ಆಗಲೇ ಕಳೆದುಹೋಗಿತ್ತು ಅಂತ. ಆಗ 100 ಬದಲು 150 ಕೂಡಿಸಿ ನೋಡಿ.

ಇನ್ನು ಈ ಲೇಖನದಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಈ ರೇಡಿಯೋಗಳಲ್ಲಿ ಎಟಿಆರ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಟ್–ರಿಸೀವ್) ಅನ್ನುವ ಸೌಲಭ್ಯ ಇದೆ. ಜಿಪಿಐಒ ಪಿನ್ (ಹೊರಗಿನ ಸರ್ಕ್ಯೂಟ್‌ಗೆ ಆನ್, ಆಫ್ ಹೇಳುವ ಪಿನ್) ಒಂದನ್ನು ಎಫ್‌ಪಿಜಿಎಗೇ ಒಪ್ಪಿಸಿಬಿಡಬಹುದು. ಟಿಎಕ್ಸ್ ಶುರುವಾದ ಕ್ಷಣ ಪಿನ್ ತಾನೇ ಏರುತ್ತದೆ, ಮುಗಿದಾಗ ತಾನೇ ಇಳಿಯುತ್ತದೆ. ಕಂಪ್ಯೂಟರ್ ನಡುವೆ ಬರುವುದೇ ಇಲ್ಲ.

ಹಾಗಾದರೆ ರಿಲೇ ಬೀಳುವ ಮೊದಲೇ ಆರ್‌ಎಫ್ ಹೊರಟುಬಿಡುತ್ತದಲ್ಲ? ಹೊರಡುತ್ತದೆ. ಅದಕ್ಕೆ ಬರ್ಸ್ಟ್‌ನ ತಲೆಗೆ ಸೊನ್ನೆಗಳನ್ನು ಸೇರಿಸಿ. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್ ರೇಟ್‌ನಲ್ಲಿ 30 ಮಿಲಿಸೆಕೆಂಡ್ ಅಂದರೆ 30,000 ಸೊನ್ನೆ. ಮೊದಲ ಸೊನ್ನೆ ಹೊರಡುವಾಗ ಪಿನ್ ಏರಿ, ಹಂತ 7ರಲ್ಲಿ ಕಟ್ಟುವ ಸೀಕ್ವೆನ್ಸರ್‌ಗೆ (ಹಂತ 1ರ ಸಾಲನ್ನು ನಡೆಸುವ ಸರ್ಕ್ಯೂಟ್‌ಗೆ) ಪಿಟಿಟಿಯಾಗಿ ಹೋಗುತ್ತದೆ. ಸೊನ್ನೆಗಳು ಸಾಗುತ್ತಿರುವಾಗಲೇ ಎಲ್‌ಎನ್‌ಎ ಆರುತ್ತದೆ, ರಿಲೇ ಬೀಳುತ್ತದೆ, ಕುಣಿತ ನಿಲ್ಲುತ್ತದೆ, ಬಯಾಸ್ ಬರುತ್ತದೆ. ನಿಜವಾದ ಸಿಗ್ನಲ್ ಬರುವಾಗ ದಾರಿ ತೆರೆದಿರುತ್ತದೆ. ಬಾಲಕ್ಕೂ 5 ಮಿಲಿಸೆಕೆಂಡ್ ಸೊನ್ನೆ ಸೇರಿಸಿ. ಪಿನ್ ಇಳಿಯುವ ಹೊತ್ತಿಗೆ ಆರ್‌ಎಫ್ ಖಂಡಿತ ನಿಂತಿರುತ್ತದೆ. ಕಾಯುವ ಸಮಯವನ್ನು ಸ್ಯಾಂಪಲ್‌ಗಳಲ್ಲೇ ಬರೆದಿಟ್ಟಿದ್ದೇವೆ, ಇನ್ನು ಅದು ಹಿಂದುಮುಂದಾಗಲು ದಾರಿಯೇ ಇಲ್ಲ.

ಎರಡು ಎಚ್ಚರಿಕೆ. ಎಟಿಆರ್‌ಗೆ ನಾಲ್ಕು ಸ್ಥಿತಿ ಇವೆ: ಸುಮ್ಮನಿರುವುದು, ಬರೀ ಆರ್‌ಎಕ್ಸ್, ಬರೀ ಟಿಎಕ್ಸ್, ಎರಡೂ ಒಟ್ಟಿಗೆ. ರಿಸೀವ್ ಸ್ಟ್ರೀಮ್ ಓಡುತ್ತಿರುವಾಗಲೇ ಕಳಿಸಿದರೆ ರೇಡಿಯೋ ‘ಬರೀ ಟಿಎಕ್ಸ್’ಗೆ ಹೋಗುವುದಿಲ್ಲ, ‘ಎರಡೂ ಒಟ್ಟಿಗೆ’ ಸ್ಥಿತಿಗೆ ಹೋಗುತ್ತದೆ. ಆ ಎರಡು ಸ್ಥಿತಿಗಳಲ್ಲೂ ಪಿನ್ ಏರುವಂತೆ ಹೇಳಿ. ಒಂದಕ್ಕೆ ಮಾತ್ರ ಹೇಳಿದರೆ ಪಿನ್ ಅಲುಗುವುದೇ ಇಲ್ಲ, ಕಾರಣ ಹುಡುಕುತ್ತಾ ಇಡೀ ಭಾನುವಾರ ಹೋಗುತ್ತದೆ. ಎರಡನೆಯದು, ಸೊನ್ನೆ ಸ್ಯಾಂಪಲ್ ಅಂದರೆ ಸೊನ್ನೆ ಆರ್‌ಎಫ್ ಅಲ್ಲ. ಲೋಕಲ್ ಆಸಿಲೇಟರ್‌ನ (ರೇಡಿಯೋದ ಫ್ರೀಕ್ವೆನ್ಸಿ ಹುಟ್ಟಿಸುವ ಭಾಗದ) ಸಣ್ಣ ಸೋರಿಕೆ ಇದ್ದೇ ಇರುತ್ತದೆ. ಪಿಎ ಬಯಾಸ್ ಇಲ್ಲದಾಗ ಅದು ಲೆಕ್ಕಕ್ಕಿಲ್ಲ. ಆದರೂ ಆಸಿಲೇಟರನ್ನು ಕೆಲಸದ ಫ್ರೀಕ್ವೆನ್ಸಿಯಿಂದ ಕೆಲವು ನೂರು ಕಿಲೋಹರ್ಟ್ಸ್ ಪಕ್ಕಕ್ಕೆ ಇಟ್ಟು, ಉಳಿದದ್ದನ್ನು ಸಾಫ್ಟ್‌ವೇರ್‌ನಲ್ಲಿ ಸರಿಸುವುದು ಒಳ್ಳೆಯದು. ರಿಪೀಟರ್‌ಗೆ 600 ಕಿಲೋಹರ್ಟ್ಸ್ ಶಿಫ್ಟ್ ಬೇಕಾದಾಗಲೂ ಇದೇ ದಾರಿ ಹಿಡಿದರೆ ಪಿಎಲ್‌ಎಲ್ (ಫ್ರೀಕ್ವೆನ್ಸಿ ಹಿಡಿದು ನಿಲ್ಲಿಸುವ ಸರ್ಕ್ಯೂಟ್) ಮತ್ತೆ ಲಾಕ್ ಆಗುವವರೆಗೆ ಕಾಯುವುದು ತಪ್ಪುತ್ತದೆ.

ಹಂತ 6: ಟೈಮ್‌ಸ್ಟ್ಯಾಂಪ್ ಇಲ್ಲದಿದ್ದರೆ

ಹ್ಯಾಕ್‌ಆರ್‌ಎಫ್ ಒನ್ ಹಾಫ್ ಡ್ಯುಪ್ಲೆಕ್ಸ್ ರೇಡಿಯೋ. ಒಮ್ಮೆಗೆ ಕಳಿಸುವುದು ಅಥವಾ ಕೇಳುವುದು, ಎರಡರಲ್ಲಿ ಒಂದೇ. ಟೈಮ್‌ಸ್ಟ್ಯಾಂಪ್ ಕೊಟ್ಟು ಕಳಿಸುವ ವ್ಯವಸ್ಥೆಯೂ ಇಲ್ಲ. ಇಲ್ಲಿ ಸಿಗ್ನಲ್ ಯಾವಾಗ ಹೊರಟಿತು ಅನ್ನುವುದನ್ನು ಹೊರಗಿನಿಂದಲೇ ನೋಡಬೇಕು. ಹಂತ 4ರಲ್ಲಿ ಕಟ್ಟಿದ ಡಿಟೆಕ್ಟರ್ ಈಗ ಕಾವಲುಗಾರನಾಗುತ್ತದೆ.

ಪ್ರೋಗ್ರಾಂ ಮೊದಲು ಪಿಟಿಟಿ ಏರಿಸಲಿ, ಆಮೇಲೆ ಸೊನ್ನೆಗಳನ್ನು ತುಂಬಾ ಧಾರಾಳವಾಗಿ ಕಳಿಸಿ ಸಿಗ್ನಲ್ ಶುರು ಮಾಡಲಿ. ಮುಗಿಸುವಾಗ ಕೊನೆಯಲ್ಲಿ ಎಲ್ಲ ಬಫರ್ ತುಂಬುವಷ್ಟು ಸೊನ್ನೆ ಕಳಿಸಿ, ಆಮೇಲೆ ಪಿಟಿಟಿ ಇಳಿಸಲಿ. ಲೈಬ್ರರಿಯ ಹೊಸ ಆವೃತ್ತಿಗಳಲ್ಲಿ ಕೊನೆಯ ಸ್ಯಾಂಪಲ್‌ವರೆಗೂ ಹೊರಹಾಕುವ ಫ್ಲಶ್ ವ್ಯವಸ್ಥೆ ಇದೆ, ಅದನ್ನು ಬಳಸಿ. ಆದರೂ ಪಿಟಿಟಿ ಇಳಿದದ್ದನ್ನು ಸೀಕ್ವೆನ್ಸರ್ ನಂಬಬಾರದು. ಡಿಟೆಕ್ಟರ್ ಆರ್‌ಎಫ್ ಕಾಣುತ್ತಿರುವವರೆಗೂ ರಿಲೇ ಬಿಡಲೇಬಾರದು. ಡಿಟೆಕ್ಟರ್‌ಗೆ ಪಿಎ ಮುಂಚಿನ ಸಿಗ್ನಲ್‌ನ ಸ್ಯಾಂಪಲ್ ಕೊಡಿ. ಆಗ ಬಯಾಸ್ ತೆಗೆದ ಮೇಲೂ ಎಸ್‌ಡಿಆರ್ ಕಳಿಸುತ್ತಿದೆಯೇ ಅಂತ ಅದು ನೋಡುತ್ತಿರುತ್ತದೆ. ಅಲ್ಲಿ ಸಿಗ್ನಲ್ ಸಣ್ಣದು, ಬರೀ ಡಯೋಡ್‌ಗೆ ಕಾಣದಿದ್ದರೆ ಒಂದು ಲಾಗ್ ಡಿಟೆಕ್ಟರ್ ಚಿಪ್ ಹಾಕಿ. ನನ್ನ ಹಳೇ ಪೆಟ್ಟಿಗೆಯಲ್ಲಿ ಈ ಒಂದು ತಂತಿ ಇದ್ದಿದ್ದರೆ ಆ ಎಲ್‌ಎನ್‌ಎ ಇವತ್ತೂ ಕೆಲಸ ಮಾಡುತ್ತಿತ್ತು.

ಹಂತ 7: ಸೀಕ್ವೆನ್ಸರ್ ಕಟ್ಟಿ

ಹಳಬರು ಇದನ್ನು ಎಲ್‌ಎಂ339 ಕಂಪ್ಯಾರೇಟರ್, ಒಂದು ಕೆಪಾಸಿಟರ್ ಹಾಕಿ ಕಟ್ಟುತ್ತಿದ್ದರು. ಕೆಪಾಸಿಟರ್ ತುಂಬುತ್ತಾ ಹೋದಂತೆ ಒಂದೊಂದೇ ಔಟ್‌ಪುಟ್ ಏರುತ್ತದೆ, ಖಾಲಿಯಾಗುವಾಗ ಹಿಂದಿನಿಂದ ಇಳಿಯುತ್ತದೆ. ಹಿಂದುಮುಂದಿನ ಕ್ರಮ ತಾನಾಗಿಯೇ ಬರುತ್ತದೆ. ಇವತ್ತಿಗೂ ಅದು ಒಳ್ಳೆಯ ಸರ್ಕ್ಯೂಟ್. ಡಿಟೆಕ್ಟರ್ ಕಾವಲು, ಟೈಮ್‌ಔಟ್ ಎಲ್ಲ ಬೇಕು ಅನ್ನುವುದರಿಂದ ನಾನು ರಾಸ್ಪ್‌ಬೆರಿ ಪೈ ಪಿಕೋ (ಒಂದು ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್) ಬಳಸುತ್ತೇನೆ. ಅದು 3.3 ವೋಲ್ಟ್‌ನದು, ಎಸ್‌ಡಿಆರ್‌ನ ಜಿಪಿಐಒ ಕೂಡ ಅಷ್ಟೇ. 5 ವೋಲ್ಟ್‌ನ ಆರ್ಡುಯಿನೋ ನ್ಯಾನೋ ಆದರೆ ಹೈ ಅಂತ ಒಪ್ಪಲು ಅದರ ಚಿಪ್‌ಗೆ 3.0 ವೋಲ್ಟ್ ಬೇಕು. 3.3 ವೋಲ್ಟ್ ಸಾಕಾಗುತ್ತದೆ, ಆದರೆ ಪಕ್ಕದಲ್ಲೇ 10 ವ್ಯಾಟ್ ಆರ್‌ಎಫ್ ಇರುವಾಗ ಅಷ್ಟು ಕಡಿಮೆ ಅಂತರ ನನಗೆ ಧೈರ್ಯ ಕೊಡುವುದಿಲ್ಲ.

ಪಿಕೋದಿಂದ ಸಣ್ಣ ರಿಲೇಗೆ ಬಿಸಿ547 ಟ್ರಾನ್ಸಿಸ್ಟರ್ ಸಾಕು. ಅದರ ಮಿತಿ 100 ಮಿಲಿಆಂಪಿಯರ್. ದೊಡ್ಡ ಕೋಆಕ್ಸಿಯಲ್ ರಿಲೇಗೆ ಲಾಜಿಕ್ ಲೆವೆಲ್ ಮಾಸ್‌ಫೆಟ್ ಹಾಕಿ. ಪ್ರತಿ ಔಟ್‌ಪುಟ್‌ಗೂ 10 ಕಿಲೋಓಮ್ ಪುಲ್-ಡೌನ್ ಇರಲಿ. ಪಿಕೋ ಬೂಟ್ ಆಗುವಾಗ, ಹ್ಯಾಂಗ್ ಆದಾಗ, ಪ್ರೋಗ್ರಾಂ ಇನ್ನೂ ಹಾಕದಿರುವಾಗ ಪಿಎ ಆಫ್ ಆಗಿಯೇ ಇರಬೇಕು.

ಸಮಯಗಳು ಹೀಗಿರಲಿ. ಪಿಟಿಟಿ ಬಂದ ಕ್ಷಣ ಸೊನ್ನೆ. ಆಗಲೇ ಎಲ್‌ಎನ್‌ಎ ಪವರ್ ತೆಗೆಯಿರಿ. 2 ಮಿಲಿಸೆಕೆಂಡಿಗೆ ರಿಲೇ. ನಿಮ್ಮ ರಿಲೇಯ ಕೆಟ್ಟ ಅಂಕಿ 8 ಅಂತ ಬಂದಿದ್ದರೆ ಎರಡರಷ್ಟು, ಅಂದರೆ 16 ಕಾಯಿರಿ. 18ಕ್ಕೆ ಬಯಾಸ್. 30ಕ್ಕೆ ಆರ್‌ಎಫ್. ವಾಪಸ್ ಬರುವಾಗ ಪಿಟಿಟಿ ಇಳಿದು, ಡಿಟೆಕ್ಟರ್ ಶಾಂತವಾದ ಮೇಲೆ ಬಯಾಸ್ ತೆಗೆಯಿರಿ. 5 ಮಿಲಿಸೆಕೆಂಡ್ ಬಿಟ್ಟು ರಿಲೇ. ಮತ್ತೆ 20 ಬಿಟ್ಟು ಎಲ್‌ಎನ್‌ಎ.

ಪಿಕೋ ಪ್ರೋಗ್ರಾಂನಲ್ಲಿ ‘ಡಿಲೇ’ ಹಾಕಿ ಕೂರಬೇಡಿ. ಪ್ರತಿ ಸುತ್ತಿನಲ್ಲೂ ಗಡಿಯಾರ ನೋಡಿ, ಯಾವ ಹಂತದಲ್ಲಿದ್ದೇವೆ ಅಂತ ನೋಡಿ ಮುಂದಿನದು ನಿರ್ಧರಿಸಲಿ. ವಾಪಸ್ ಬರುವ ನಡುವೆ ಪಿಟಿಟಿ ಮತ್ತೆ ಏರಿದರೆ ಏನು? ಸ್ಟ್ರೀಮ್ ಒಂದು ಕ್ಷಣ ಕಡಿದು ಮತ್ತೆ ಶುರುವಾದರೆ ಹೀಗೆ ಆಗಬಹುದು, ಆಗ ತಲೆಯ ಸೊನ್ನೆಗಳೂ ಇರುವುದಿಲ್ಲ. ಅದಕ್ಕೆ ಪಿಟಿಟಿ ಇಳಿದ ಮೇಲೆ 50 ಮಿಲಿಸೆಕೆಂಡ್ ಹಾಗೆಯೇ ಹಿಡಿದಿಡಿ. ಬಯಾಸ್ ತೆಗೆದಾಗಿದ್ದರೆ ಮಾತ್ರ ಪೂರ್ತಿ ಸಾಲನ್ನು ಮೊದಲಿಂದ ಶುರು ಮಾಡಿ, ನಡುವಿನಿಂದ ಹಾರಬೇಡಿ.

ಇನ್ನೊಂದು ಉಪಾಯ ಪ್ರೋಗ್ರಾಂಗಿಂತ ಗಟ್ಟಿ. ರಿಲೇಯಲ್ಲಿ ಎರಡು ಜೊತೆ ಕಾಂಟ್ಯಾಕ್ಟ್ ಇದ್ದರೆ, ಪಿಎ ಬಯಾಸ್ ವೋಲ್ಟೇಜನ್ನು ಎರಡನೇ ಜೊತೆಯ ಮೂಲಕ ಹಾಯಿಸಿ. ರಿಲೇ ಟಿಎಕ್ಸ್ ಕಡೆ ಹೋಗದೆ ಬಯಾಸ್ ಬರುವ ದಾರಿಯೇ ಇರುವುದಿಲ್ಲ. ಕಾಯಿಲ್ ಸುಟ್ಟಿದ್ದರೂ, ಕೋಡ್ ತಪ್ಪಿದ್ದರೂ ಎಲ್‌ಎನ್‌ಎ ಉಳಿಯುತ್ತದೆ. ಜೊತೆಗೆ 3 ನಿಮಿಷದ ಟೈಮ್‌ಔಟ್ ಹಾಕಿ. ಕಂಪ್ಯೂಟರ್ ಟಿಎಕ್ಸ್‌ನಲ್ಲೇ ಹ್ಯಾಂಗ್ ಆದರೆ ಬ್ಯಾಂಡಿನಲ್ಲಿರುವ ಉಳಿದವರಿಗೆ ತೊಂದರೆ ಆಗಬಾರದು.

ಹಂತ 8: ಮೋಡ್‌ಗೆ ತಕ್ಕಂತೆ ಹೊಂದಿಸಿ

ಎಫ್‌ಟಿ8 ಅನ್ನುವ ಡಿಜಿಟಲ್ ಮೋಡ್‌ಗೆ ಚಿಂತೆಯೇ ಇಲ್ಲ. 15 ಸೆಕೆಂಡಿನ ಸ್ಲಾಟ್‌ನಲ್ಲಿ 12.64 ಸೆಕೆಂಡ್ ಮಾತ್ರ ಸಿಗ್ನಲ್. ಅದನ್ನು ನಡೆಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ಪ್ರೋಗ್ರಾಂನಲ್ಲಿ ‘ಟಿಎಕ್ಸ್ ಡಿಲೇ’ ಮೊದಲೇ 0.2 ಸೆಕೆಂಡ್ ಇರುತ್ತದೆ. ನಮ್ಮ 30 ಮಿಲಿಸೆಕೆಂಡ್ ಅದರೊಳಗೆ ಆರಾಮಾಗಿ ಕೂರುತ್ತದೆ.

ಪ್ಯಾಕೆಟ್ ರೇಡಿಯೋ, ಎಪಿಆರ್‌ಎಸ್‌ಗೆ (ಸ್ಥಳ, ಸಂದೇಶಗಳನ್ನು ಡೇಟಾ ಪ್ಯಾಕೆಟ್ ಆಗಿ ಕಳಿಸುವ ವ್ಯವಸ್ಥೆ) ಡೈರ್‌ವುಲ್ಫ್ ಸಾಫ್ಟ್‌ವೇರ್ ಬಳಸುವವರು ಎರಡು ಅಂಕಿ ನೋಡಿ. ಟಿಎಕ್ಸ್‌ಡಿಲೇ 30, ಟಿಎಕ್ಸ್‌ಟೇಲ್ 10. ಇವು 10 ಮಿಲಿಸೆಕೆಂಡಿನ ಲೆಕ್ಕ, ಅಂದರೆ 300 ಮತ್ತು 100 ಮಿಲಿಸೆಕೆಂಡ್. ನಿಮ್ಮ ಬಫರ್ ತಡ 100ಕ್ಕಿಂತ ಜಾಸ್ತಿ ಇದ್ದರೆ ಪ್ಯಾಕೆಟ್‌ನ ಬಾಲ ಕತ್ತರಿಸಿ ಹೋಗುತ್ತದೆ. ಕೊನೆಯಲ್ಲಿರುವ ಚೆಕ್‌ಸಮ್ ಹೋಯಿತು ಅಂದರೆ ಇಡೀ ಪ್ಯಾಕೆಟ್ ಹೋಯಿತು. ಆಗ ಟಿಎಕ್ಸ್‌ಟೇಲ್ ಏರಿಸಿ. ‘ಸಿಗ್ನಲ್ ಗಟ್ಟಿಯಾಗಿದೆ, ಆದರೆ ಡಿಕೋಡ್ ಆಗ್ತಿಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಈ ಅಂಕಿಯನ್ನೇ.

ಸಿಡಬ್ಲ್ಯು, ಅಂದರೆ ಮೋರ್ಸ್, ಬೇರೆ ಕಥೆ. ಒಂದು ಡಿಟ್‌ನ (ಮೋರ್ಸ್ ಚುಕ್ಕೆಯ) ಉದ್ದ ತೆಗೆಯಲು 1200 ಅನ್ನು ನಿಮಿಷದ ಪದಗಳಿಂದ ಭಾಗಿಸಿ. 20 ಪದದ ವೇಗದಲ್ಲಿ 60 ಮಿಲಿಸೆಕೆಂಡ್. ಎರಡು ಡಿಟ್ ನಡುವಿನ ಜಾಗವೂ 60. ಹಂತ 7ರ 50ರ ಹಿಡಿತ ಬಿಟ್ಟರೂ, ಟಿಎಕ್ಸ್‌ಗೆ ಹೋಗಲು 30, ವಾಪಸ್ ಬರಲು 25 ತೆಗೆದರೆ ಕೇಳಲು ಉಳಿಯುವುದು 5 ಮಿಲಿಸೆಕೆಂಡ್. ಅದರಲ್ಲಿ ಏನೂ ಕೇಳಿಸುವುದಿಲ್ಲ, ರಿಲೇ ಮಾತ್ರ ಸವೆಯುತ್ತದೆ. ಇಲ್ಲಿ ಕೀಯಿಂಗ್ (ಡಿಟ್‌ಗಳನ್ನು ಕಳಿಸುವುದು) ಅನ್ನು ಪೂರ್ತಿಯಾಗಿ 30 ಮಿಲಿಸೆಕೆಂಡ್ ಮುಂದಕ್ಕೆ ತಳ್ಳಿ, ಆಗ ಮೊದಲ ಡಿಟ್ ಮೊಂಡಾಗುವುದಿಲ್ಲ. ರಿಲೇಯನ್ನು ಒಂದು ಪದದ ಜಾಗದಷ್ಟು, ಅಂದರೆ 7 ಡಿಟ್, 420 ಮಿಲಿಸೆಕೆಂಡ್ ಹಿಡಿದಿಡಿ. ಡಿಟ್‌ಗಳ ನಡುವೆ ಕೇಳಲೇಬೇಕು ಅನ್ನುವವರಿಗೆ ಪಿನ್ ಡಯೋಡ್ ಸ್ವಿಚ್ (ಚಲಿಸುವ ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಬೇಕು.

ಡಿಎಂಆರ್ ಅನ್ನುವ ಡಿಜಿಟಲ್ ಧ್ವನಿ ರೇಡಿಯೋದಲ್ಲಿ ಸ್ಲಾಟ್ 30 ಮಿಲಿಸೆಕೆಂಡ್. ಅಲ್ಲಿ ರಿಲೇಗೆ ಕೆಲಸವಿಲ್ಲ. ವೈಫೈನಲ್ಲಂತೂ 2.4 ಗಿಗಾಹರ್ಟ್ಸ್‌ನಲ್ಲಿ 10 ಮೈಕ್ರೋಸೆಕೆಂಡ್ ಒಳಗೆ ಉತ್ತರ ಶುರುವಾಗಬೇಕು. ಯುಎಸ್‌ಬಿ ದಾಟಿ ಹೋಗಿ ಬರುವುದರೊಳಗೆ ಆ ಸಮಯ ಮುಗಿದಿರುತ್ತದೆ. ಅದು ಎಫ್‌ಪಿಜಿಎ ಒಳಗೇ ಆಗಬೇಕಾದ ಕೆಲಸ.

ಹಂತ 9: ಒಟ್ಟಿಗೆ ಓಡಿಸಿ

ಮೊದಲು ಎಲ್‌ಎನ್‌ಎ, ಪಿಎ ಎರಡನ್ನೂ ಬಿಚ್ಚಿಟ್ಟು ಬರೀ ಲೈನ್‌ಗಳನ್ನು ನೋಡಿ. 8 ಚಾನಲ್‌ನ ಅಗ್ಗದ ಯುಎಸ್‌ಬಿ ಲಾಜಿಕ್ ಅನಲೈಜರ್, ಅದಕ್ಕೆ ಪಲ್ಸ್‌ವ್ಯೂ ಸಾಫ್ಟ್‌ವೇರ್ ಸಾಕು. ಪಿಟಿಟಿ, ಎಲ್‌ಎನ್‌ಎ, ರಿಲೇ, ಬಯಾಸ್ ನಾಲ್ಕೂ ಮೆಟ್ಟಿಲಿನ ಹಾಗೆ ಒಂದರ ಹಿಂದೆ ಒಂದು ಬದಲಾಗಿ, ಮೆಟ್ಟಿಲಿನ ಹಾಗೆಯೇ ವಾಪಸ್ ಬರಬೇಕು. ಓಡುತ್ತಿರುವಾಗಲೇ ಯುಎಸ್‌ಬಿ ಕೇಬಲ್ ಕಿತ್ತು ನೋಡಿ. ಪ್ರೋಗ್ರಾಂ ಅನ್ನು ನಡುವೆ ಕೊಂದು ನೋಡಿ. ಪಿಕೋಗೆ ಪವರ್ ತೆಗೆದು ನೋಡಿ. ಪ್ರತಿ ಸಲವೂ ಬಯಾಸ್ ಮೊದಲು ಬೀಳಬೇಕು. ಪಿಕೋದ ಪವರ್ ಹೋದಾಗ ಎಲ್ಲ ಔಟ್‌ಪುಟ್ ಒಟ್ಟಿಗೆ ಬೀಳುತ್ತವೆ. ಆಗಲೂ ರಿಲೇಯ ಡಯೋಡ್‌ನಿಂದ ಸಿಗುವ ಆ ಚೂರು ತಡ ಬಯಾಸ್ ಸಾಯುವುದಕ್ಕಿಂತ ಜಾಸ್ತಿ ಇದೆಯೇ ಅಂತ ನೋಡಿಕೊಳ್ಳಿ. ಜೀನರ್ ಹಾಕಿದ್ದರೆ ಇದನ್ನು ಇನ್ನೂ ಎಚ್ಚರದಿಂದ ಅಳೆಯಿರಿ.

ಆಮೇಲೆ ಪಿಎ ಜೋಡಿಸಿ, ಡಮ್ಮಿ ಲೋಡ್ ಮೇಲೆ. ಎಲ್‌ಎನ್‌ಎ ಜಾಗದಲ್ಲಿ ಇನ್ನೂ 50 ಓಮ್ ರೆಸಿಸ್ಟರ್ ಇರಲಿ, ಅದರ ಮೇಲೆ ಸ್ಕೋಪ್ ಇಟ್ಟು ಎಷ್ಟು ಸೋರುತ್ತದೆ ನೋಡಿ. 0 ಡಿಬಿಎಂ ಅಂದರೆ 50 ಓಮ್‌ನಲ್ಲಿ 0.22 ವೋಲ್ಟ್ ಆರ್‌ಎಂಎಸ್. ಸ್ಕೋಪ್‌ನ ಬ್ಯಾಂಡ್‌ವಿಡ್ತ್ 200 ಮೆಗಾಹರ್ಟ್ಸ್ ಆದರೂ ಇರಬೇಕು, ಇಲ್ಲದಿದ್ದರೆ 144ರಲ್ಲಿ ಅದು ಕಡಿಮೆ ತೋರಿಸುತ್ತದೆ. ಪಕ್ಕದಲ್ಲಿ ಆರ್‌ಟಿಎಲ್-ಎಸ್‌ಡಿಆರ್ (ಕೇಳಲು ಮಾತ್ರ ಬರುವ ಅಗ್ಗದ ಎಸ್‌ಡಿಆರ್) ಒಂದಿದ್ದರೆ ಅದಕ್ಕೊಂದು ತುಂಡು ತಂತಿ ಸಿಕ್ಕಿಸಿ ನಿಮ್ಮದೇ ಸಿಗ್ನಲ್ ರೆಕಾರ್ಡ್ ಮಾಡಿ, ಇನ್‌ಸ್ಪೆಕ್ಟ್ರಮ್ ಸಾಫ್ಟ್‌ವೇರ್‌ನಲ್ಲಿ ತೆರೆದು ತಲೆ, ಬಾಲ ಎರಡೂ ಪೂರ್ತಿ ಇವೆಯೇ ನೋಡಿ.

ಕೊನೆಗೆ ಎಲ್‌ಎನ್‌ಎ, ಆಂಟೆನಾ. ಎಲ್ಲ ಸರಿಯಿದ್ದೂ ಎದುರಿನವರ ಮೊದಲ ಮಾತು ನುಂಗಿಹೋಗುತ್ತಿದ್ದರೆ ರಿಲೇಯನ್ನು ದೂರಬೇಡಿ, ಎಜಿಸಿ (ತಾನಾಗಿ ಗೇನ್ ಏರಿಸಿ ಇಳಿಸುವ ವ್ಯವಸ್ಥೆ) ನೋಡಿ. ರಿಸೀವ್ ಸ್ಟ್ರೀಮ್ ಓಡುತ್ತಲೇ ಇದ್ದರೆ ನಮ್ಮದೇ ಸಿಗ್ನಲ್ ಸೋರಿ ಎಜಿಸಿ ಗೇನ್ ಇಳಿಸಿರುತ್ತದೆ, ಮತ್ತೆ ಏರಲು ಹೊತ್ತು ಬೇಕು. ಟಿಎಕ್ಸ್ ಹೊತ್ತಲ್ಲಿ ಎಜಿಸಿಯನ್ನು ಇದ್ದಲ್ಲೇ ಹಿಡಿದಿಡಿ, ಎಲ್‌ಎನ್‌ಎ ಬಂದ ಮೇಲೆ ಬಿಡಿ.

ಅಳೆದ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ: ರಿಲೇ ಹಿಡಿಯುವ, ಬಿಡುವ ಸಮಯ, ಬಫರ್ ತಡ, ಸ್ಯಾಂಪಲ್ ರೇಟ್, ಸಪ್ಲೈ ವೋಲ್ಟೇಜ್, ತಾರೀಕು. ರಿಲೇ ಬದಲಿಸಿದಾಗ, ಸ್ಯಾಂಪಲ್ ರೇಟ್ ಬದಲಿಸಿದಾಗ, ಬೇರೆ ಕಂಪ್ಯೂಟರ್‌ಗೆ ಹಾಕಿದಾಗ ಹಂತ 3 ಮತ್ತು 4ನ್ನು ಮತ್ತೆ ಮಾಡಿ, ಚೀಟಿಯನ್ನೂ ಬದಲಿಸಿ.